ದಪ್ಪ ದನಿಯ ಪರೀಕ್ಷೆ

ಅಧ್ಯಕ್ಷರಾದ ಡಾಕ್ಟರ್ ಸಾಹೇಬರೇ, ಹೊಸ ಮೆಷಿನ್ ಕೊಡಿಸಿದ ದಾನಿಗಳೇ, ನನ್ನ ಹಾಗೆಯೇ ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಚಾಮರಾಜಪೇಟೆಯ ಈ ಕಿವಿ ಪರೀಕ್ಷಾ ಕೇಂದ್ರದ ಮೆಟ್ಟಿಲು ಹತ್ತಿದ ತಾಯಂದಿರೇ, ಸಭಿಕರೇ,

ನಾನು ಶೈಲಜಮ್ಮ, ಶರಣ್ಯಳ ತಾಯಿ. ತಾಳ್ಮೆಯ ತಾಯಿ ಎಂದು ಶಾಲು ಹೊದಿಸಿದ್ದೀರಿ. ಸಂತೋಷ. ನನಗೆ ತಾಳ್ಮೆ ಇದೆ ಎಂದು ನಿಮಗೆ ಯಾರು ಹೇಳಿದರೋ! ನಮ್ಮ ಮನೆಯಲ್ಲಿ ವಿಚಾರಿಸಿದ್ದರೆ ಶಾಲು ಉಳಿಯುತ್ತಿತ್ತು.

ಮಗುವಿಗೆ ವರ್ಷ ತುಂಬಿದಾಗ ಇಲ್ಲೇ ಮಲಗಿಸಿ, ತಲೆಗೆ ವೈರು ಅಂಟಿಸಿ, ಕಿವಿಗೆ ಟಿಕ್ ಟಿಕ್ ಸದ್ದು ಬಿಟ್ಟರು. ಮೆದುಳು ಉತ್ತರ ಕೊಡಲಿಲ್ಲ. ಪೂರ್ತಿ ಕಿವುಡು ಎಂದರು. ನಾನು ಕೂಗಿದರೆ ತಿರುಗದ ಮಗು ಅವರಪ್ಪ ಕರೆದರೆ ತಿರುಗುತ್ತದೆ ಎಂದು ನಾನು ಹೇಳಿದೆ. ಆಗಿನ್ನೂ ಚಿಕ್ಕ ಡಾಕ್ಟರಾಗಿದ್ದ ಅಧ್ಯಕ್ಷರು ನಕ್ಕರು. "ಅದು ಕೇಳಿಸೋದಲ್ಲಮ್ಮ, ದಪ್ಪ ಸದ್ದಿನ ಅದುರು ಮೈಗೆ ತಾಗುತ್ತೆ, ಅಷ್ಟೇ. ತಾಯಿ ಮನಸ್ಸು, ಹಂಗನ್ಸುತ್ತೆ" ಎಂದರು. ಎದೆಗೆ ಒರಗಿಸಿಕೊಂಡಾಗ ಅದುರು, ಸರಿ. ಬೀದಿಬಾಗಿಲಲ್ಲಿ ನಿಂತು ಕರೆದಾಗ ಯಾವ ಅದುರು? ಕೇಳಿದೆ. ಯಾರು ಕೇಳಿಸಿಕೊಂಡರು? ಕಿವಿ ಪರೀಕ್ಷೆ ಮಾಡುವವರಿಗೂ ಕಿವಿ ಬೇಡವೇ?

ನಮ್ಮ ಯಜಮಾನರು ಕಲಾಸಿಪಾಳ್ಯದ ಮಂಡಿಯಲ್ಲಿ ತರಕಾರಿ ಹರಾಜು ಕೂಗುವವರು. ದಪ್ಪ ದನಿ, ಅವರು ಬಾಯಿ ಬಿಟ್ಟರೆ ಬಸ್ ಸ್ಟ್ಯಾಂಡಿನವರೂ ತಿರುಗಿ ನೋಡಬೇಕು. ಅಂಥವರು ಆ ದಿನದಿಂದ ಮಗಳ ಹತ್ತಿರ ಮಾತು ಬಿಟ್ಟರು. "ಕೇಳಿಸದೇ ಇರೋಳ ಹತ್ರ ಏನಂತ ಮಾತಾಡ್ಲಿ ಶೈಲಾ, ಕರುಳು ಕಿತ್ತು ಬರುತ್ತೆ" ಎಂದರು. ಬರೀ ಸನ್ನೆ. ಆಮೇಲಾಮೇಲೆ ಅವಳು ತಿರುಗುವುದನ್ನೂ ಬಿಟ್ಟಳು. ತಿರುಗುವುದಕ್ಕೆ ಮನೆಯಲ್ಲಿ ಏನಿತ್ತು?

ಈಗ ಈ ಮೆಷಿನ್ ಬಂತು. ಆ ಟಿಕ್ ಟಿಕ್ ಅಳೆಯುವುದು ನನ್ನ ದನಿಯಂಥ ಕೀರಲು, ತೆಳು ಸದ್ದನ್ನಂತೆ. ಇದು ದಪ್ಪ ಸದ್ದನ್ನೇ ಬೇರೆಯಾಗಿ ಬಿಟ್ಟು, ಎಷ್ಟು ಮೆಲ್ಲಗಿನದು ಕೇಳುತ್ತದೆ ಎಂದು ಮೆದುಳಿನಿಂದಲೇ ತಿಳಿಯುತ್ತದಂತೆ. ಹನ್ನೆರಡು ವರ್ಷದ ಶರಣ್ಯ ನಿದ್ದೆ ಮಾಡಿದಳು, ಮೆದುಳು ಉತ್ತರ ಕೊಟ್ಟಿತು. ದಪ್ಪ ಸದ್ದು ಅವಳಿಗೆ ಹುಟ್ಟಿದಾಗಿನಿಂದ ಕೇಳುತ್ತಿತ್ತು. ಚಿಕ್ಕಂದಿನಲ್ಲೇ ಶ್ರವಣಯಂತ್ರ ಹಾಕಿದ್ದರೆ ಒಂದಿಷ್ಟು ಮಾತೂ ಬರುತ್ತಿತ್ತಂತೆ. ಇಂಥ ಪರೀಕ್ಷೆ ಆಗಲೂ ಇತ್ತಂತೆ ಸ್ವಾಮಿ, ಹೊತ್ತು ಹಿಡಿಯುತ್ತದೆಂದು ಮಾಡುತ್ತಿರಲಿಲ್ಲವಂತೆ! ಅಧ್ಯಕ್ಷರು ಈಗಷ್ಟೇ ಇದನ್ನು ವಿಜ್ಞಾನದ ಮುನ್ನಡೆ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದಿರಿ. ನಾನೂ ತಟ್ಟಿದೆ.

ಅವಳ ಕಿವಿಗೆ ಯಂತ್ರ ಹಾಕಿ ಹದಿನೈದು ದಿನವಾಯಿತು. ಯಜಮಾನರು ಅಗೋ, ಅವಳ ಪಕ್ಕದಲ್ಲೇ ಕೂತಿದ್ದಾರೆ. ಇನ್ನೂ ಸನ್ನೆಯೇ. ಅವಳ ಮುಂದೆ ಅವರಿಗೆ ದನಿಯೇ ಹೊರಡುವುದಿಲ್ಲ.

ರೀ, ಇಷ್ಟು ಜನರ ಮುಂದೆ ಕೇಳ್ತಿದೀನಿ. ಒಂದೇ ಒಂದು ಸಲ ಅವಳ ಹೆಸರು ಹಿಡಿದು ಕರೀರಿ.

ಸಭಿಕರೇ, ದಯವಿಟ್ಟು ಸ್ವಲ್ಪ ಸದ್ದು ಮಾಡಬೇಡಿ.

ಆಯಿತು, ಬಿಡಿ. ತಲೆ ತಗ್ಗಿಸಿಬಿಟ್ಟರು. ಅಮ್ಮ ಏನು ಹೇಳಿದಳು ಎಂದು ಮಗಳು ಅವರನ್ನು ಕೈಸನ್ನೆಯಲ್ಲಿ ಕೇಳುತ್ತಿದ್ದಾಳೆ. ಏನೂ ಇಲ್ಲ ಎಂದು ಅವರು ಕೈ ಆಡಿಸುತ್ತಿದ್ದಾರೆ.

ಶಾಲಿಗೆ ವಂದನೆಗಳು. ನಮಸ್ಕಾರ.