ಖಾಲಿ ಬೋನು

ಗೆಂಟ್ ಊರಿನ ಟ್ರಾಮಿನಲ್ಲಿ ನನ್ನ ಮುಂದೆಯೇ ಇಬ್ಬರು ಕೂತಿದ್ದರು. ಬೀದಿ ಬೆಕ್ಕುಗಳನ್ನು ಹಿಡಿದು ಸಂತಾನಹರಣ ಚಿಕಿತ್ಸೆ ಮಾಡಿಸುವ ಲೀವ, ಪಕ್ಕದಲ್ಲಿ ನಮ್ಮ ಬೀದಿಯ ಮುದುಕ ಕಮೀಲ್. ಅವಳ ತೊಡೆಯ ಮೇಲೆ ಖಾಲಿ ಬೋನು.

“ಬೋನಿಡೋ ಹಿಂದಿನ ದಿನ ಬೆಕ್ಕಿಗೆ ಏನೂ ಹಾಕ್ಬೇಡಿ ಅಂದಿದ್ನಲ್ಲ ಅಜ್ಜ? ಹಸಿದಿದ್ರೆ ತಾನೇ ಬೋನಿನೊಳಗೆ ಬರೋದು!”

“ಒಂದೇ ಒಂದು ಮೀನಿನ ತಲೆ ಕಣಮ್ಮ.”

“ಹೋದ ವಾರಾನೂ ಒಂದೇ ತಲೆ. ನಿಮ್ಮನೆ ಮೀನಿಗೆ ಎಷ್ಟು ತಲೆ? ಇನ್ನೊಂದ್ ಸಲ ಮರಿ ಹಾಕಿದ್ರೆ ಆ ಬೆಕ್ಕು ಉಳಿಯಲ್ಲ.”

“ಹಿಡಿದ್ಮೇಲೆ ಮತ್ತೆ ನನ್ನ ಹಿತ್ತಿಲಿಗೆ ಬರುತ್ತಾ?”

“ಆಪರೇಷನ್ ಮಾಡ್ಸಿ, ಗುರುತಿಗೆ ಕಿವಿತುದಿ ಕತ್ತರಿಸಿ, ನಿಮ್ಮ ಹಿತ್ತಿಲಲ್ಲೇ ಬಿಡ್ತೀನಿ.”

“ನೀನೇನೋ ಬಿಡ್ತೀಯ. ಹಿಡ್ಸಿದ್ದು ನಾನೇ ಅಂತ ಅದಕ್ಕೆ ಗೊತ್ತಾದ್ರೆ? ಬೆಳಿಗ್ಗೆ ಬಾಗಿಲು ತೆಗೆದ್ರೆ ನನಗೋಸ್ಕರ ಕಾದಿರೋದು ಅದೊಂದೇ.”

ಲೀವ ಕಿಟಕಿಯ ಕಡೆ ನೋಡಿದಳು.

“ಹಾಗಾದ್ರೆ ಬೋನು ನಾನೇ ಇಡ್ತೀನಿ. ಸಿಟ್ಟಿದ್ರೆ ನನ್ನ ಮೇಲೇ ಇರ್ಲಿ.”

ಟ್ರಾಮು ನಿಂತಿತು. ಬೋನನ್ನು ತಾನೇ ಎತ್ತಿಕೊಂಡು ಇಳಿಯುತ್ತ ಮುದುಕ ಹೇಳಿದ್ದು ಕೇಳಿಸಿತು:

“ಸರಿ. ನಾನು ಪರದೆ ಎಳ್ಕೊಂಡು, ರೇಡಿಯೋನೂ ಹಾಕದೆ, ಒಳಗೆ ಕೂತಿರ್ತೀನಿ. ಮನೇಲಿ ಯಾರೂ ಇಲ್ಲ ಅಂತ ಅದು ಅಂದ್ಕೊಳ್ಳಲಿ.”