ಹೊರಗೆ ಹೋಗುವಾಗ ಮುಟ್ಟಬೇಕಾದ ಮಣ್ಣು

ಸಾಹುಕಾರನೊಬ್ಬನ ಕಥೆ ಹೇಳುತ್ತೇನೆ, ಕೇಳಿ. ಊರಿನ ಹೆಸರು ಬೇಡ. ಹೆಸರು ಹೇಳಿದರೆ, ಅದು ಆ ಊರಿನವರ ಕಥೆ, ನಮ್ಮದಲ್ಲ ಅಂತ ಆರಾಮಾಗಿ ಕೂತುಬಿಡುತ್ತೀರಿ. ಇವತ್ತು ಮಠದ ಈ ಸಭೆಯಲ್ಲಿ ನೀವು ಆರಾಮಾಗಿ ಕೂರಬಾರದು.

ಈ ಸಾಹುಕಾರನಿಗೆ ಕುಸ್ತಿಯ ಹುಚ್ಚು. ಬೆಳಗಾದರೆ ಗರಡಿಮನೆ. ಕೆಂಪು ಮಣ್ಣಿನ ಅಖಾಡಕ್ಕಿಳಿದನೆಂದರೆ ಮೈಯೆಲ್ಲ ಕಣ್ಣು. ಎದುರಾಳಿ ಎಡಗಾಲಿನ ಭಾರವನ್ನು ಬಲಗಾಲಿಗೆ ಹಾಕುವ ಮೊದಲೇ ಇವನಿಗೆ ಗೊತ್ತು. ಹಿಂದಿನಿಂದ ಯಾರಾದರೂ ಬಂದರೆ ತಿರುಗದೆ ಹೆಸರು ಹೇಳುತ್ತಿದ್ದ. ಆ ಗರಡಿಗೆ ಗಿಡ್ಡ ಬಾಗಿಲು. ಒಳಗೆ ಬರುವವರು ಬಗ್ಗಿ, ಹೊಸ್ತಿಲ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳಬೇಕು. ಸಾಹುಕಾರನೂ ಹಚ್ಚಿಕೊಳ್ಳುತ್ತಿದ್ದ. ಹೊರಗೆ ಹೋಗುವಾಗ? ಹೋಗುವಾಗ ಕೈಯಲ್ಲಿ ಮೊಬೈಲು! ಗರಡಿಯ ಮುದುಕ ಗುರು, ಅವನನ್ನು ವಸ್ತಾದಿ ಅನ್ನುತ್ತಾರೆ, ದಿನಾ ಕೂಗುತ್ತಿದ್ದ.

"ಏ ಸಾವ್ಕಾರ, ಹೋಗೂಮುಂದೂ ಮಣ್ಣ ಮುಟ್ಟೋ! ಒಳಗ ಕಾಯಾಕ ನಾ ಅದೀನಿ. ಹೊರಗ ಯಾರದಾರ?"

"ಹೊರಗೇನು ಕುಸ್ತಿ ಐತೇನ್ರೀ?" ಅಂತ ಸಾಹುಕಾರ ನಗುತ್ತಿದ್ದ.

ನೋಡಿ, ಆ ನಗು ನೆನಪಿಟ್ಟುಕೊಳ್ಳಿ. ಇಲ್ಲೆಲ್ಲೋ ಕಾಲ್ಗೆಜ್ಜೆ ಸದ್ದಾಯಿತಲ್ಲ, ಕೇಳಿತೇ? ಇರಲಿ, ಮುಂದೆ ಕೇಳಿ.

ಒಂದು ಭಾನುವಾರ ಮಧ್ಯಾಹ್ನ ಸಾಹುಕಾರ ಬುತ್ತಿ ಕಟ್ಟಿಸಿಕೊಂಡು, ಏಳು ವರ್ಷದ ಮಗಳು ನೀಲವ್ವನನ್ನು ಕರೆದುಕೊಂಡು ಹೊಳೆಗೆ ಹೋದ. ಮೊಣಕಾಲುದ್ದ ನೀರು, ನಡುವೆ ಒಂದು ಚಪ್ಪಟೆ ಬಂಡೆ. ತಲೆಯ ಮೇಲೆ ಸುಡುಬಿಸಿಲು. ಆದರೆ ದೂರದ ಘಟ್ಟದ ಮೇಲೆ ಕರಿಮೋಡ ಕವಿದಿತ್ತು. ಕಂಡಿತೇ? ಕಂಡಿತು. ಕಂಡದ್ದನ್ನು ನೋಡಿದನೇ? ಇಲ್ಲ, "ಭಾರಿ ಚಲೋ ಐತಿ" ಅಂತ ಫೋಟೋ ತೆಗೆದ. ಇಬ್ಬರೂ ಬಂಡೆಯ ಮೇಲೆ ಕೂತು ರೊಟ್ಟಿ ತಿಂದರು. ಆಮೇಲೆ ಮಗಳನ್ನು ಅಲ್ಲೇ ಆಡಲು ಬಿಟ್ಟು, ಸಿಗ್ನಲ್ ಹುಡುಕುತ್ತ ಒಬ್ಬನೇ ದಡಕ್ಕೆ ಬಂದ.

"ಅಪ್ಪಾ, ನನ್ನ ಚಪ್ಲಿ ಒಂದು ಇಲ್ಲ."

"ಅಲ್ಲೇ ಇರತೈತಿ ನೋಡವ್ವ."

ಸ್ವಲ್ಪ ಹೊತ್ತಾಯಿತು. "ಅಪ್ಪಾ, ಇನ್ನೊಂದೂ ಹೋತು."

"ಹೋದ್ರ ಹೋಗ್ಲಿ ಬಿಡು, ಹೊಸಾವು ಕೊಡಸ್ತೀನಿ!"

ಅಯ್ಯೋ ಪುಣ್ಯಾತ್ಮ! ಮಗಳು ಹೊಸ ಚಪ್ಪಲಿ ಕೇಳಿದಳೇನೋ? ಒಣಕಲ್ಲಿನ ಮೇಲೆ ಬಿಟ್ಟ ಚಪ್ಪಲಿ ತಾನಾಗಿ ಎದ್ದು ಹೋಗುತ್ತದೆಯೇ? ನೀರು ಮೇಲೆ ಬಂದು ಒಯ್ದಿತ್ತು. ಅಖಾಡದಲ್ಲಿ ಎದುರಾಳಿಯ ಹೆಬ್ಬೆರಳು ಅಲುಗಿದರೂ ತಿಳಿಯುತ್ತಿದ್ದ ಮನುಷ್ಯನಿಗೆ ಹೊಳೆ ಎರಡು ಸಲ ಹೇಳಿದ್ದು ಕೇಳಿಸಲಿಲ್ಲ.

ಮೂರನೇ ಸಲ ಮಗಳು ಚಪ್ಪಲಿ ಅನ್ನಲಿಲ್ಲ. "ಅಪ್ಪಾ" ಅಂದಳು, ಅಷ್ಟೇ. ಆ ದನಿಗೆ ಮೊಬೈಲಿನಿಂದ ತಲೆ ಎತ್ತಿದ. ತಿಳಿಯಾಗಿದ್ದ ನೀರು ಕೆಂಪಾಗಿತ್ತು. ಬಂಡೆ ಇಲ್ಲ. ಮಗಳು ನೀರಿನ ಮೇಲೆಯೇ ನಿಂತ ಹಾಗೆ ಕಾಣುತ್ತಿದ್ದಳು. ಕಸ, ಕಡ್ಡಿ, ಬುತ್ತಿಯ ಡಬ್ಬಿ ಎಲ್ಲ ಅವಳ ಕಾಲು ಸುತ್ತಿಕೊಂಡು ಹೋಗುತ್ತಿದ್ದವು.

ಧುಮುಕಿದ. ನೀರು ಒಂದೇ ಏಟಿಗೆ ಕೆಡವಿತು. ಹಿಡಿಯೋಣವೆಂದರೆ ನೀರಿಗೆ ಸೊಂಟವಿದೆಯೇ? ಕತ್ತಿದೆಯೇ? ಆಗ ವಸ್ತಾದಿ ಕಲಿಸಿದ ಪಟ್ಟೊಂದು ನೆನಪಾಯಿತು: ನಿನಗಿಂತ ಭಾರದವನನ್ನು ಎದುರಿಗೆ ನೂಕಬೇಡ, ಅವನ ಜೋರಿನ ಜೊತೆಗೇ ಓರೆಯಾಗಿ ಹೋಗು. ದಡಕ್ಕೆ ತೆವಳಿ ಬಂದ. ಹೊಳೆ ಬರುವ ದಿಕ್ಕಿಗೆ ಓಡಿದ. ಅಲ್ಲಿಂದ ಮತ್ತೆ ನೀರಿಗೆ ಬಿದ್ದು, ನೀರು ಒಯ್ದಂತೆ ಓರೆಯಾಗಿ ಹೋಗಿ ಮಗಳಿಗೆ ಕೈ ಚಾಚಿದ. ಸಿಕ್ಕಿದ್ದು ಕೈಯಲ್ಲ, ಜಡೆ. ಜಡೆಯನ್ನೇ ಹಿಡಿದ. ಹೊಳೆ ಇಬ್ಬರನ್ನೂ ಎಳೆದೊಯ್ದು ಕೆಳಗಿನ ಅತ್ತಿಮರದ ಬೇರಿಗೆ ಬಡಿಯಿತು. ಮಗಳು ಉಳಿದಳು. ಅವನ ಬಲಭುಜ ಮುರಿಯಿತು. ಮತ್ತೆಂದೂ ಅವನು ಅಖಾಡಕ್ಕಿಳಿಯಲಿಲ್ಲ.

ಕೈಗೆ ಕಟ್ಟು ಹಾಕಿಸಿಕೊಂಡು ಗರಡಿಗೆ ಹೋದ. ವಸ್ತಾದಿ ಭೇಷ್ ಅನ್ನುತ್ತಾನೆ ಅಂದುಕೊಂಡಿದ್ದ. ಮುದುಕ ಕೇಳಿದ್ದು ಒಂದೇ ಮಾತು.

"ಮಗಳು ಎಷ್ಟ ಸಲ ಕರದ್ಲು?"

"ಮೂರ ಸಲ್ರೀ."

"ಮೊದಲನೇ ಸಲಕ್ಕ ಹೊಳ್ಳಿ ನೋಡಿದ್ರ, ಮೊಣಕಾಲ ನೀರಾಗ ನಡಕೊಂತ ಹೋಗಿ ಎತ್ಕೊಂಡ ಬರತಿದ್ದಿ. ಪಟ್ಟೂ ಬೇಕಾಗಿರಲಿಲ್ಲ, ಜೋರೂ ಬೇಕಾಗಿರಲಿಲ್ಲ."

ಸಾಹುಕಾರ ಅಲ್ಲೇ ಕೂತು ಮಕ್ಕಳ ಹಾಗೆ ಅತ್ತ. ಹೊರಡುವಾಗ, ಎಡಗೈಯಿಂದ ಹೊಸ್ತಿಲ ಮಣ್ಣು ಮುಟ್ಟಿ ಹೋದ.

ಪಾಪ ಸಾಹುಕಾರ ಅಂತ ಲೊಚಗುಟ್ಟುತ್ತಿದ್ದೀರಿ. ಸಂತೋಷ. ಈಗ ನಿಮ್ಮ ಸರದಿ. ಮೂರನೇ ಸಾಲಿನ ಹಸಿರು ಸೀರೆಯ ತಾಯಿ, ನಿಮ್ಮ ಮಗು ಎಲ್ಲಿ?

ಗಾಬರಿಯಾಗಬೇಡಿ, ಕೂತುಕೊಳ್ಳಿ. ಇಲ್ಲಿದೆ, ನನ್ನ ಪೀಠದ ಹಿಂದೆ ಕಲ್ಲುಸಕ್ಕರೆ ತಿನ್ನುತ್ತಿದೆ. ಆಗಲೇ ಎದ್ದು ಬಂತು. ಗೆಜ್ಜೆ ಸದ್ದು ಕೇಳಿತೇ ಅಂತ ನಾನು ಬಾಯಿಬಿಟ್ಟು ಕೇಳಿದೆ. ಇನ್ನೂರು ಜನರಿದ್ದೀರಿ, ಒಬ್ಬರಾದರೂ ತಿರುಗಿದಿರಾ? ಆ ಕಂಬದ ಹತ್ತಿರ ಕೂಸು ಬಲಕ್ಕೆ ತಿರುಗಿತು, ನನ್ನ ಹತ್ತಿರ ಬಂತು. ಎಡಕ್ಕೆ ತಿರುಗಿದ್ದರೆ? ಎಡಗಡೆಯ ಬಾಗಿಲು ತೆರೆದಿದೆ, ಅದರಾಚೆ ಕಲ್ಯಾಣಿಯ ಮೆಟ್ಟಿಲು. ಅದು ಕಂಬದ ಬಳಿ ನಿಂತ ಆ ಒಂದು ಗಳಿಗೆ ನನ್ನ ಎದೆ ಹೊಡೆದುಕೊಂಡದ್ದು ನನಗೇ ಗೊತ್ತು.

ದೇವರ ಮುಂದೆ ಕಣ್ಣು ಮುಚ್ಚಿ, ಬೇಡವೆನ್ನುವುದಿಲ್ಲ. ಹೊಸ್ತಿಲು ದಾಟುವಾಗ ತೆರೆಯಿರಿ. ನಾಳೆ ಬೆಳಿಗ್ಗೆಯಿಂದಲೇ, ಮನೆ ಬಿಡುವಾಗ ಒಂದು ಉಸಿರು ನಿಂತು ನೆಲ ಮುಟ್ಟಿ, ಸುತ್ತ ನೋಡಿ, ಆಮೇಲೆ ಹೆಜ್ಜೆ ಇಡಿ. ಹೊಳೆಗೆ ಹೋದರೆ ಮೊದಲು ನೀರು ನೋಡಿ, ಗುಡ್ಡ ಹತ್ತುವ ಮೊದಲು ಆಕಾಶ ನೋಡಿ, ರಸ್ತೆಯಲ್ಲಿ ಮೊಬೈಲು ಕಿಸೆಯಲ್ಲಿರಲಿ. ಮಗು ಕರೆದರೆ ಮೊದಲನೇ ಸಲಕ್ಕೇ ತಿರುಗಿ. ಮೂರನೇ ಸಲ ಎಲ್ಲರಿಗೂ ಸಿಗುವುದಿಲ್ಲ.

ಬನ್ನಿ ತಾಯಿ, ಕೂಸನ್ನು ಎತ್ತಿಕೊಳ್ಳಿ. ಉಳಿದವರು ನೋಡಿ, ಇಷ್ಟು ಹೇಳಿದ ಮೇಲೂ ಆ ಎಡಗಡೆಯ ಬಾಗಿಲು ತೆರೆದೇ ಇದೆ. ಯಾರಾದರೂ ಎದ್ದು ಹಾಕಿ ಬನ್ನಿ.