ದೇವಿಂದ್ರನ ಮಣ್ಣು

ಥೂ! ಆ ಲಕ್ಷ್ಮಿಕಾಂತನ ಹೆಸರು ನನ್ನ ಬಾಗಿಲದಾಗ ಎತ್ತಬ್ಯಾಡ ಶೇಖಮ್ಮ, ಈಗರೆ ಬಾಯಿ ತೊಳಕೊಂಡೀನಿ... ಕೂಡು. ಅಳಬ್ಯಾಡ. ಅಳಾಕತ್ತಿಲ್ಲ? ಹಂಗಾರ ಚಲೋ ಆತು.

ಏಜೆಂಟನಂತ ಏಜೆಂಟ! ಸುರಪೂರದಾಗ ಆಫೀಸು, ತಲಿಗಿ ಕರೀ ಬಣ್ಣ, ಶಹಾಪೂರದಾಗ ಇಟ್ಕೊಂಡಾಕಿದು ಇನ್ನೊಂದು ಮನಿ... ಯಾಕ ಹಂಗ ನೋಡ್ತಿ? ಅಕಿ ಅಂಗಳದಾಗ ಇವನ ಲುಂಗಿ ಒಣಗೋದು ನನ್ನ ಕಣ್ಣಲೇ ಕಂಡೀನಿ! ಅಂಥಾ ಹೇಸಿ, ಮಿಲಿಟರಿ ಬಿಟ್ಟು ಬಂದು ಹೊಳ್ಯಾಗ ಬಲಿ ಬೀಸ್ಕೊಂಡಿದ್ದ ನಿನ್ನ ಗಂಡಗ, ಲಡಾಯಿ ದೇಶದಾಗ ಸೆಕ್ಯೂರಿಟಿ ಕೆಲಸ ಅದ ಬಾ ಅಂದ. ನಮ್ಮ ದೇವಿಂದ್ರನೂ, ಬಂದೂಕು ಅಂದಕೂಡ್ಲೆ ಹಲ್ಲು ಕಿಸ್ಕೊಂಡು ಹೋದ.

ಎಂಥಾ ಸೆಕ್ಯೂರಿಟಿ! ಬಿಳೀ ಸಾಹೇಬ್ರು ಕಬ್ಬಿಣದ ಗಾಡ್ಯಾಗ, ನಮ್ಮ ದೇವಿಂದ್ರ ಗೇಟಿನ ಹೊರಗ. ಬಾಂಬ್ ಬಿದ್ರ ಮೊದಲು ಇವ ಸಾಯ್ಲಿ ಅಂತ! ಗಾಳಕ್ಕ ಎರಿಹುಳಾ ಚುಚ್ತೀವಲ್ಲ, ಹಂಗ ಚುಚ್ಚಿ ನಿಲ್ಲಿಸಿದ್ರು. ಸತ್ತ ಮ್ಯಾಲ ಹೆಣಾನೂ ಕಳಸಾಂಗಿಲ್ಲಂತ! ಯಾವದೋ ಉಸುಕಿನಾಗ ಒತ್ತಿಬಿಟ್ಟಾರ. ಒಂದು ಹಿಡಿ ಮಣ್ಣು ಹಾಕಾಕ ನಿನಗಿಲ್ಲ, ನನಗಿಲ್ಲ... ಹಡೀಲಿಲ್ಲ ಖರೆ, ಅವರವ್ವ ಸತ್ತಾಗ ಎದಿಗಿ ಅವಚಿಕೊಂಡು ಬೆಳಸಿದ ದೊಡ್ಡವ್ವ ನಾ!

ಏನದು ಸೆರಗಿನಾಗ? ಕಾಗದ? ಕಂಪನ್ಯಾವರು ಕಳಸ್ಯಾರ? ನನಗೆಲ್ಲಿ ಓದಾಕ ಬರ್ತದ, ನೀನೇ ಹೇಳು... ಹಾಂ? 'ಸತ್ರ ಅಲ್ಲೇ ಮಣ್ಣು ಮಾಡ್ರಿ' ಅಂತ ಮನ್ಯಾವರೇ ಒಪ್ಯಾರ? ನೀ ಅಂತೂ ಒಪ್ಪಿಲ್ಲ ತಗಿ, ಹೋಗೋ ಮುಂದ ಕಾಗದ ತಂದಾಗ ಆ ಲಕ್ಷ್ಮಿಕಾಂತನ ಮಾರಿಮ್ಯಾಲ ಒಗದಿದ್ದಿ. ಮತ್ಯಾರು? ತಾಯಿ ಹೆಬ್ಬಟ್ಟು? ದೇವಿಂದ್ರನ ತಾಯಿ ಸತ್ತು ಮೂವತ್ತು ವರ್ಷ ಆತಲ್ಲ! ಥೂ ಥೂ... ಯಾರದರ ಇರ್ಲಿ, ಆ ಹೆಬ್ಬಟ್ಟಿಗಿ ಹುಳಾ ಬೀಳ್ಲಿ!

ನನ್ನ ತೊಡಿಮ್ಯಾಲ ಯಾಕಿಟ್ಟಿ ಅದನ್ನ?

ಹೂಂ, ಕಾಣ್ತದ, ಕಣ್ಣು ಹೋಗಿಲ್ಲ ನನಗ. ಹೆಬ್ಬಟ್ಟಿನ ಮಸಿ ನಡುವ ಅಡ್ಡಕ ಒಂದು ಬಿಳೀ ಗೆರಿ. ಅದಕ್ಕೇನೀಗ? ಮೀನ ಹೆಚ್ಚೋ ಕೈಗಿ ಈಳಿಗಿ ಹತ್ತಿ ಗಾಯದ ಗೆರಿ ಉಳದೇ ಉಳೀತದ! ಈ ಬೋನಾಳ ಊರಾಗ ಮೀನ ಹೆಚ್ಚಾಕಿ ನಾ ಒಬ್ಬಾಕೆನ?

ಕೈ ಬಿಡು. ಕೈಮ್ಯಾಲಿನ ಸೆರಗು ಎಳೀಬ್ಯಾಡ! ಬಿಡಂದ್ರ...

ಏನರ ಅನ್ನು, ಯವ್ವಾ. ಬೈಯಿ.

ದೇವಿಂದ್ರನೇ ನನ್ನ ಕಾಲಿಗಿ ಬಿದ್ದ. 'ಶೇಖಿ ಒಲ್ಲೆ ಅಂತಾಳ ದೊಡ್ಡವ್ವ, ನೀನೇ ಒತ್ತು' ಅಂದ. ಲಕ್ಷ್ಮಿಕಾಂತ ಕಾರಿನಾಗ ಕೂಡಿಸಿಕೊಂಡು ಹೋದ, ಹೋಟೆಲಿನಾಗ ಖಾರಾ ತಿನಿಸಿದ, ಚಹಾ ಕುಡಿಸಿದ... ಏನು ಬರದದ ಅಂತ ನನಗೇನು ಗೊತ್ತು? ಓದಿ ಹೇಳಲೇ ಇಲ್ಲ ಆ ಭಾಡ್ಯಾ...

ಹೇಳಿದ.

ಎರಡು ಸಲ ಓದಿ ಹೇಳಿದ. ನಮ್ಮ ದೇವಿಂದ್ರ ಯಾಕ ಸಾಯ್ತಾನ ಬಿಡ್ರಿ ಅಂತ ನಕ್ಕು ಒತ್ತಿದೆ. ನನ್ನ ಮಗ ಫಾರಿನ್‌ದಾಗ ಬಂದೂಕು ಹಿಡದಾನ ಅಂತ ಓಣಿ ತುಂಬ ಹೇಳ್ಕೊಂಡು ತಿರಗಬೇಕಿತ್ತು ನನಗ.

ಎದ್ದ್ಯಾ? ಶೇಖಮ್ಮ... ಕಾಗದ ತಗೊಂಡು ಹೋಗು. ಏ ಯವ್ವಾ, ಅದನ್ನ ಇಲ್ಲಿ ಬಿಟ್ಟು ಹೋಗಬ್ಯಾಡ!